ಗುಂಪಿನಲ್ಲಿ ಐದು ಜನ, ಬರೆಯುವವಳು ಒಬ್ಬಳೇ: ಹಂಚಿಕೊಂಡ ಕಡತದಲ್ಲಿ ಎಲ್ಲರೂ ಕೆಲಸ ಮಾಡುವಂತಾಗಲು ಏನು ಮಾಡಬೇಕು?

ವಿಜ್ಞಾನ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ತರಗತಿಗೆ ಜೀವವಿಜ್ಞಾನ ಪಾಠ ಮಾಡುತ್ತೇನೆ. ಜೀವಕೋಶದ ಪಾಠ ಮುಗಿದ ಮೇಲೆ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಎಲ್ಲರೂ ಒಟ್ಟಿಗೆ ತಿದ್ದಬಹುದಾದ ಆನ್‌ಲೈನ್ ಕಡತವೊಂದನ್ನು ಪ್ರತಿ ಗುಂಪಿಗೂ ತೆರೆದುಕೊಟ್ಟೆ. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಏನು ವ್ಯತ್ಯಾಸ ಅಂತ ವರದಿ ಬರೆಯಬೇಕಿತ್ತು. ವರದಿಗಳೇನೋ ಅಚ್ಚುಕಟ್ಟಾಗಿ ಬಂದವು. ಆದರೆ ಯಾರು ಯಾವಾಗ ಏನು ಬರೆದರು ಎಂದು ತೋರಿಸುವ ವರ್ಷನ್ ಹಿಸ್ಟರಿ ತೆಗೆದು ನೋಡಿದರೆ ಒಂದು ಗುಂಪಿನಲ್ಲಿ ಹೆಚ್ಚುಕಮ್ಮಿ ಇಡೀ ಬರಹ ಒಬ್ಬಳೇ ಹುಡುಗಿಯದು. ಒಬ್ಬ ಶೀರ್ಷಿಕೆಗೆ ಬಣ್ಣ ಹಾಕಿದ್ದಾನೆ, ಇನ್ನೊಬ್ಬ ಚಿತ್ರ ಅಂಟಿಸಿದ್ದಾನೆ. ಉಳಿದಿಬ್ಬರ ಹೆಸರು ಮಾತ್ರ ಇದೆ.

ಆ ಹುಡುಗಿಯನ್ನು ಕರೆದು ಕೇಳಿದೆ. "ಅವರಿಗೆ ಹೇಳಿ ಮಾಡಿಸೋದಕ್ಕಿಂತ ನಾನೇ ಬರೆದರೆ ಬೇಗ ಆಗುತ್ತೆ ಮಿಸ್" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನನ್ನನ್ನು ಕಾಡುತ್ತಿರುವುದೇ ಅದು.

ನನಗಿರುವುದು ಎರಡು ಪ್ರಶ್ನೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಸಾಗದಂಥ ಕೆಲಸವನ್ನು ಹೇಗೆ ಕೊಡುವುದು? ಮತ್ತೆ, ಯಾರು ಎಷ್ಟು ಬರೆದರು ಎಂದು ಹಿಸ್ಟರಿ ನೋಡಿ ಅಂಕ ಕೊಡಿ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಅದು ಸರಿಯೇ?

ಹೈಸ್ಕೂಲ್ ಗಣಿತ ಶಿಕ್ಷಕ

ಮೇಡಂ, ಆ ಹುಡುಗಿಯ ಮಾತಿನಲ್ಲೇ ಉತ್ತರ ಇದೆ. ಕೊಟ್ಟ ಕೆಲಸವನ್ನು ಒಬ್ಬರೇ ಮುಗಿಸಬಹುದಾದರೆ, ಚುರುಕಾದ ಮಗು ಒಬ್ಬರೇ ಮುಗಿಸುತ್ತದೆ. ಕಡತ ಹಂಚಿಕೊಟ್ಟರೆ ಬರೆಯಲು ಒಂದು ಜಾಗ ಸಿಗುತ್ತದೆ, ಅಷ್ಟೇ. ಒಬ್ಬರಿಗೆ ಇನ್ನೊಬ್ಬರು ಬೇಕು ಅನ್ನಿಸುವುದು ಕೆಲಸ ಕೊಡುವ ರೀತಿಯಿಂದ.

ಇದಕ್ಕೆ ಕಂಪ್ಯೂಟರ್ ಬರುವುದಕ್ಕೆ ಮುಂಚಿನದೇ ಒಂದು ಒಳ್ಳೆಯ ದಾರಿ ಇದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳನ್ನು ಹೊಸದಾಗಿ ಒಂದೇ ತರಗತಿಯಲ್ಲಿ ಕೂರಿಸಿದಾಗ ಜಗಳ ಹೆಚ್ಚಿತ್ತು. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿ ಅಲ್ಲಿ ಪಾಠವನ್ನೇ ತುಂಡು ಮಾಡಿ ಹಂಚಿಸಿದರು. ಒಂದೊಂದು ಮಗುವಿನ ಕೈಯಲ್ಲಿ ಒಂದೊಂದು ತುಂಡು. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ತುಂಡು ಸಿಕ್ಕವರು ಮೊದಲು ಒಟ್ಟಿಗೆ ಕೂತು ಅದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು, ಆಮೇಲೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸಬೇಕು. ಇದನ್ನು ಜಿಗ್ಸಾ ಪದ್ಧತಿ ಅನ್ನುತ್ತಾರೆ. ಮಾತಾಡಲು ಹಿಂಜರಿಯುವ ಮಗುವಿನ ಮಾತಿಗೂ ಆಗ ಎಲ್ಲರೂ ಕಿವಿಗೊಡಲೇಬೇಕಾಗುತ್ತದೆ, ಏಕೆಂದರೆ ಆ ತುಂಡು ಇನ್ಯಾರ ಬಳಿಯೂ ಇಲ್ಲ.

ನಿಮ್ಮ ಪಾಠಕ್ಕೆ ಹೀಗೆ ಮಾಡಿ ನೋಡಿ. ಒಬ್ಬರಿಗೆ ಈರುಳ್ಳಿ ಪೊರೆಯ ಸೂಕ್ಷ್ಮದರ್ಶಕ ಚಿತ್ರ ಕಳಿಸಿ, ಇನ್ನೊಬ್ಬರಿಗೆ ಕೆನ್ನೆಯ ಒಳಪದರದ ಕೋಶದ ಚಿತ್ರ. ಉಳಿದ ಮೂವರಿಗೆ ಕೋಶಭಿತ್ತಿ, ರಸದಾನಿ, ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್ ಬಗ್ಗೆ ಅರ್ಧರ್ಧ ಪುಟ. ಇವು ಅವರವರಿಗೆ ಮಾತ್ರ ಕಾಣುವಂತಿರಲಿ. ಎಲ್ಲರಿಗೂ ಸೇರಿದ ಕಡತದಲ್ಲಿ ಬರೀ ಪ್ರಶ್ನೆಗಳಿರಲಿ. ಉದಾಹರಣೆಗೆ: "ಈರುಳ್ಳಿ ಪೊರೆಯ ಕೋಶದಲ್ಲಿ ಹಸಿರು ಕಾಣುವುದಿಲ್ಲ. ಆದರೂ ಅದು ಸಸ್ಯಕೋಶ ಎಂದು ಹೇಗೆ ಹೇಳುತ್ತೀರಿ?" ಚಿತ್ರ ಇರುವವನಿಗೆ ಕಾರಣ ಗೊತ್ತಿಲ್ಲ. ಕ್ಲೋರೋಪ್ಲಾಸ್ಟ್ ಓದಿದವಳು, ಬೆಳಕು ಬೀಳದೆ ಮಣ್ಣಿನೊಳಗೆ ಬೆಳೆಯುವ ಭಾಗದಲ್ಲಿ ಅದು ಇರಬೇಕಾಗಿಲ್ಲ ಎಂದು ಹೇಳಬೇಕು. ಕೋಶಭಿತ್ತಿ, ರಸದಾನಿ ಓದಿದವರು ಚಿತ್ರದಲ್ಲಿ ಏನನ್ನು ಹುಡುಕಬೇಕೆಂದು ತೋರಿಸಬೇಕು. ಒಂದು ಉತ್ತರಕ್ಕೆ ನಾಲ್ವರು ಬೇಕಾದರು. "ವ್ಯತ್ಯಾಸ ಬರೆಯಿರಿ" ಎಂದರೆ ಪುಸ್ತಕದ ಪಟ್ಟಿಯೇ ಬರುತ್ತದೆ, ಅದನ್ನು ಇಳಿಸಲು ಒಬ್ಬರು ಸಾಕು.

ಕಾಲೇಜು ಭೌತವಿಜ್ಞಾನ ಉಪನ್ಯಾಸಕಿ

ಮೇಲಿನ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಚರ್ಚೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ತಾವೇ ಹೇಳಿರಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು 1991ರಿಂದ ಭೌತವಿಜ್ಞಾನವನ್ನು ಹೀಗೇ ಕಲಿಸುತ್ತಾ ಬಂದರು. ಒಂದು ಪ್ರಶ್ನೆ ಕೊಟ್ಟು, ಮಾತಿಲ್ಲದೆ ಎಲ್ಲರಿಂದ ಮತ ಹಾಕಿಸುವುದು. ಸರಿ ಹೇಳಿದವರು ಶೇ. 30ರಿಂದ 70ರ ನಡುವೆ ಇದ್ದರೆ, ಪಕ್ಕದವರನ್ನು ಒಪ್ಪಿಸಲು ಹೇಳಿ ಮತ್ತೆ ಮತ ಹಾಕಿಸುವುದು. ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಗೆ ಬಿಟ್ಟು ಫಲವಿಲ್ಲ, ವಿಷಯವನ್ನು ಮತ್ತೊಮ್ಮೆ ವಿವರಿಸಬೇಕು.

ಕೈ ಎತ್ತಿಸಿದರೆ ಮಕ್ಕಳು ಜಾಣರ ಕೈ ನೋಡಿ ತಮ್ಮ ಕೈ ಎತ್ತುತ್ತಾರೆ. ಫೋನಿನಲ್ಲೋ ಕ್ಲಿಕ್ಕರ್ ಎಂಬ ಪುಟ್ಟ ಮತಯಂತ್ರದಲ್ಲೋ ಹೆಸರು ಕಾಣದಂತೆ ಮತ ಹಾಕಿಸಿದರೆ ನಿಜ ಹೊರಬರುತ್ತದೆ. ತಂತ್ರಜ್ಞಾನದ ಪ್ರಯೋಜನ ಇಂಥ ಕಡೆ ನನಗೆ ಸ್ಪಷ್ಟವಾಗಿ ಕಾಣುತ್ತದೆ.

ನಿಮ್ಮಲ್ಲಿ ಆನ್‌ಲೈನ್ ಪಾಠಕ್ಕೆ ಬಳಸುವ ಮೂಡಲ್ ತಂತ್ರಾಂಶ ಇದ್ದರೆ ಅದರ ಫೋರಂಗಳಲ್ಲಿ ಪ್ರಶ್ನೋತ್ತರದ ಬಗೆಯೊಂದಿದೆ. ತಾನು ಉತ್ತರ ಹಾಕುವವರೆಗೆ ವಿದ್ಯಾರ್ಥಿಗೆ ಬೇರೆಯವರ ಉತ್ತರ ಕಾಣುವುದಿಲ್ಲ. ಹಾಕಿದ ಮೇಲೂ ತಿದ್ದುವ ಅವಧಿ ಮುಗಿಯಬೇಕು. ಸೆಟ್ಟಿಂಗ್ ಬದಲಿಸದಿದ್ದರೆ ಅದು 30 ನಿಮಿಷ. ಹಾಗಾಗಿ ಏನೋ ಒಂದು ಗೀಚಿ, ಇತರರದನ್ನು ನೋಡಿ ತಿದ್ದಿಕೊಳ್ಳಲು ಆಗುವುದಿಲ್ಲ.

ಪದವಿ ವಿದ್ಯಾರ್ಥಿನಿ

ಎರಡನೇ ಪ್ರಶ್ನೆಗೆ ವಿದ್ಯಾರ್ಥಿಯ ಕಡೆಯಿಂದ ಹೇಳಲೇಬೇಕು ಅನ್ನಿಸಿತು. ದಯವಿಟ್ಟು ಹಿಸ್ಟರಿ ನೋಡಿ ಅಂಕ ಕೊಡಬೇಡಿ ಮೇಡಂ.

ಶಾಲೆಯಲ್ಲಿ ಆ ಹೆಸರು ಮಾತ್ರ ಇರುತ್ತಿದ್ದವರಲ್ಲಿ ನಾನೂ ಒಬ್ಬಳು. ನನ್ನ ಟೈಪಿಂಗ್ ನಿಧಾನ. ನಾನು ಒಂದು ಪದ ಬರೆದು ಅಳಿಸಿ ಮತ್ತೆ ಬರೆಯುವುದನ್ನು ಎಲ್ಲರೂ ಆಗಲೇ ನೋಡುತ್ತಿದ್ದಾರೆ ಅನ್ನಿಸಿ ಬೆರಳು ಓಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದನ್ನು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಹಿಸ್ಟರಿಯಲ್ಲಿ ಅದು ಅವಳ ಬರಹ. ಅಕ್ಷರ ಎಣಿಸಿ ಅಂಕ ಕೊಡುತ್ತಾರೆ ಎಂದು ಗೊತ್ತಾದರೆ ಮಕ್ಕಳು ಅಕ್ಷರ ಹೆಚ್ಚಿಸುತ್ತಾರೆ, ಯೋಚನೆ ಹೆಚ್ಚುವುದಿಲ್ಲ. ಹಿಸ್ಟರಿಯನ್ನು "ಇಲ್ಲಿ ಈ ವಾಕ್ಯ ಯಾಕೆ ಬದಲಾಯಿಸಿದ್ರಿ?" ಎಂದು ಕೇಳಲು ಬಳಸಿ. ಆ ಪ್ರಶ್ನೆಗೆ ಉತ್ತರ ಕೊಡಲು ನನ್ನಂಥವರು ಕಾಯುತ್ತಿರುತ್ತಾರೆ.

ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಫೋನಿನಲ್ಲಿ ಹೇಳುತ್ತಿದ್ದೆ ಎಂಬ ಮಾತು ಓದಿ ಆ ಇಬ್ಬರು ಮಕ್ಕಳನ್ನು ಮಾತಾಡಿಸಬೇಕು ಅನ್ನಿಸಿದೆ. ಹಿಸ್ಟರಿ ನೋಡಿ ಅಂಕ ಕೊಡುವುದಿಲ್ಲ, ಅದು ತೀರ್ಮಾನವಾಯಿತು. ಈರುಳ್ಳಿ ಪೊರೆಯ ಪ್ರಶ್ನೆ ತುಂಬಾ ಇಷ್ಟವಾಯಿತು ಸರ್. ಉಳಿದಿರುವುದು ಒಂದು: ಎಲ್ಲವನ್ನೂ ತಾನೇ ಬರೆಯುವ ಆ ಹುಡುಗಿಗೆ ಇದರಲ್ಲಿ ಏನು ಸಿಗುತ್ತದೆ? ಅವಳ ವೇಗ ತಗ್ಗಿಸುವುದು ನನಗೆ ಇಷ್ಟವಿಲ್ಲ.

ಹೈಸ್ಕೂಲ್ ಗಣಿತ ಶಿಕ್ಷಕ

ವೇಗ ತಗ್ಗಿಸಬೇಡಿ, ಬೇರೆ ಕೆಲಸ ಕೊಡಿ. ಗೂಗಲ್ ಡಾಕ್ಸ್‌ನಂಥ ಕಡತಗಳಲ್ಲಿ ಒಬ್ಬರಿಗೆ ಕಾಮೆಂಟ್ ಮಾಡುವ ಅನುಮತಿ ಮಾತ್ರ ಕೊಡಬಹುದು. ಒಂದು ಸುತ್ತಿಗೆ ಅವಳಿಗೆ ಅಷ್ಟೇ ಕೊಡಿ. ವಾಕ್ಯ ತಪ್ಪಿದ್ದರೆ ಅವಳು ತಿದ್ದುವಂತಿಲ್ಲ, ಬರೆದವರಿಗೇ ತಪ್ಪು ಹೊಳೆಯುವಂಥ ಪ್ರಶ್ನೆಯನ್ನು ಬದಿಯಲ್ಲಿ ಕೇಳಬೇಕು. ಉತ್ತರ ಬರೆಯುವುದಕ್ಕಿಂತ ಅದು ಕಷ್ಟ, ಆ ಮಗುವಿಗೆ ತಕ್ಕ ಕಷ್ಟ. ಮುಂದಿನ ಸುತ್ತಿನಲ್ಲಿ ಆ ಪಾತ್ರ ಬೇರೆಯವರಿಗೆ ಹೋಗಲಿ, ಇಲ್ಲವಾದರೆ ಅವಳು ಗುಂಪಿನ ಮೇಷ್ಟ್ರಾಗಿಬಿಡುತ್ತಾಳೆ. ಪ್ರಶ್ನೆಗಳ ಕರಡು ಸಿದ್ಧವಾದಾಗ ಇಲ್ಲಿ ಹಾಕಿ ಮೇಡಂ, ಯಾವುದು ಒಬ್ಬರಿಂದಲೇ ಮುಗಿಯುತ್ತದೆ ಎಂದು ಒಟ್ಟಿಗೆ ನೋಡೋಣ.