ಒನ್ಸ್ ಮೋರ್ ಅಂದಾಕಿ ಯಾರು

ಹಲೋ... ಹಾಂ, ರೆಕಾರ್ಡ್ ಆಗಾಕತ್ತೈತಿ. ದೊಡ್ಡಪ್ಪಾ, ಶರಣ್ರಿ. ನಿನ್ನೆ ರಾತ್ರಿ ನೀವು ಗ್ರೂಪಿನ್ಯಾಗ ಎರಡು ಮಾತು ಕೇಳೀರಿ. ಒಂದು, ಗಿಟಾರ್ ಹಿಡಕೊಂಡ ಹುಡುಗಿ ಹಾಡೋದು ಕೇಳಾಕ ರಾಯಚೂರಿಂದ ಬೆಂಗಳೂರಿಗೆ ಹೋಗಬೇಕಿತ್ತೇನು, ಮೊಬೈಲಿನ್ಯಾಗ ಪುಕ್ಕಟ ಬರಂಗಿಲ್ಲೇನು ಅಂತ. ಎರಡು, ನನ್ನ ಮಗಳು ಹಾಕಿದ ವಿಡಿಯೋದಾಗ 'ಒನ್ಸ್ ಮೋರ್' ಅಂತ ಒದರಿದಾಕಿ ಯಾರು ಅಂತ. ಟೈಪ್ ಮಾಡಕೋಂತ ಕುಂತ್ರ ಸಂಜಿ ಆಗ್ತೈತಿ, ಬಾಯಿಲೇ ಹೇಳ್ತೀನಿ. ಉದ್ದ ಆಗ್ತೈತಿ, ಚಹಾ ಕುಡಕೋಂತ ಕೇಳ್ರಿ.

ಮೊದಲ ಖರೇ ಹೇಳ್ತೀನಿ, ನಾ ಹಾಡಿನ ಸಲುವಾಗಿ ಹೋದಾಕಿ ಅಲ್ಲ. ಟಿಕೆಟ್ ಹಾಳಾಗ್ತೈತಿ ಅಂತ ಹೋದಾಕಿ. ನಮ್ಮಾಕಿ ಎರಡು ಟಿಕೆಟ್ ತಗೊಂಡಿದ್ಲು, ಗೆಳತಿಗೆ ಜ್ವರ ಬಂತು, ದುಡ್ಡು ವಾಪಸ್ ಇಲ್ಲ. 'ಅವ್ವಾ, ನೀನಽ ಬಾ' ಅಂದ್ಲು. 799 ಟಿಕೆಟ್ಟು, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಅದರ ಮ್ಯಾಲ ಆ್ಯಪಿನವರ ಫೀಜು, ಸಾವಿರಕ್ಕ ಬಂದು ನಿಂತಿತ್ತು. ಐನೂರರ ಒಳಗಿದ್ರ ತೆರಿಗಿ ಇಲ್ಲಂತ, ಐನೂರು ದಾಟಿದ್ರ ಬಡಿತಾರ. ಸಾವಿರ ರೂಪಾಯಿ ಸುಮ್ಮಸುಮ್ಮನ ಬಿಡಾಕ ನನ್ನ ಕೈಲೆ ಆಗಂಗಿಲ್ಲ, ನಿಮಗ ಗೊತ್ತೈತಿ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ, ಬೆಳಿಗ್ಗಿ ಬೆಂಗಳೂರು.

'ಇಂಡಿ ಸಿಂಗರ್' ಅಂದ್ಲು ಮಗಳು. ನಾನು, ವಿಜಯಪುರದ ಕಡೆ ಇಂಡಿ ಐತಲ್ಲ, ಲಿಂಬಿಹಣ್ಣಿನ ಊರು, ಅಲ್ಲಿಯಾಕಿ ಅಂತ ತಿಳಕೊಂಡೆ. ನಗಬ್ಯಾಡ್ರಿ. ಇಂಡಿಪೆಂಡೆಂಟ್ ಅಂತ, ಅದನ್ನ ಕಡದು ಇಂಡಿ ಮಾಡ್ಯಾರ. ಸಿನಿಮಾದವರು ಕರದು ಹಾಡಿಸೋದಲ್ಲ, ತಾವಽ ಬರೀತಾರ, ತಾವಽ ರಾಗ ಹಾಕ್ತಾರ, ತಾವಽ ಹಾಡಕೋಂತ ಊರೂರು ತಿರುಗ್ತಾರ. ನಿಮಗ ರಘು ದೀಕ್ಷಿತ್ ಗೊತ್ತು. ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜಿ ಕಟ್ಟಿ ಷರೀಫಜ್ಜನ ಪದ ಹಾಡ್ತಾನಲ್ಲ, 2012ರಾಗ ಇಂಗ್ಲೆಂಡ್ ರಾಣಿ ಮುಂದೂ ಹಾಡಿ ಬಂದ. ಆ ದಾರಿಯವರು ಇವರು. ಈ ಹುಡುಗಿ ಇನ್ನೂ ಅಷ್ಟು ದೊಡ್ಡಾಕಿ ಅಲ್ಲ. ನಮ್ಮ ಕಡೆ ಮಾತು ಆಡತಾಳ, ಅಷ್ಟು ಸಾಕಾತು ನನಗ.

ಮತ್ತ ದೊಡ್ಡಪ್ಪಾ, ನೀವು ಇನ್ನೊಂದು ಕೇಳಬಹುದು, 'ತಾನಽ ಬರದದ್ದು ತಾನಽ ಹಾಡಿದ್ರ ಅದರಾಗ ಏನೈತಿ' ಅಂತ. ಸೋಮವಾರ ಭಜನ್ಯಾಗ ನೀವು ಹಾಡೋದೇನು? ಚೀಕಲಪರ್ವಿ ವಿಜಯದಾಸರು ಹುಟ್ಟಿದ್ದು 1682ರಾಗ. ಅವರೂ ತಾವಽ ಕಟ್ಟಿ, ತಾವಽ ತಂಬೂರಿ ಹಿಡದು ತಿರುಗಿ ಹಾಡಿದವರು. ಕಡೀ ಸಾಲಿನ್ಯಾಗ 'ವಿಜಯವಿಠಲ' ಅಂತ ಅಂಕಿತ ಹಾಕಿ ಇದು ನಂದು ಅಂತ ಗುರುತು ಇಟ್ರು. ಮಾನ್ವಿ ಜಗನ್ನಾಥದಾಸರದು 'ಜಗನ್ನಾಥವಿಠಲ'. ದಾಸರನ್ನೂ ಈ ಹುಡುಗೀನ್ನೂ ಒಂದಽ ತಕ್ಕಡಿಗೆ ಹಾಕಾಕತ್ತಿಲ್ಲ ನಾನು, ಬೈಬ್ಯಾಡ್ರಿ. ಅಂಥಾ ಪದ್ಧತಿ ನಮ್ಮ ಜಿಲ್ಲಾಕ್ಕ ಹೊಸಾದಲ್ಲ ಅಂತ ಅಷ್ಟ.

ಬಾಗಲದಾಗ ಒಂದು ಪಜೀತಿ ಆತು. ಮಗಳಿಗೆ ಅಂತ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕೆನಿಮೊಸರು ತಗೊಂಡು ಹೋಗಿದ್ದೆ. ಸೀದಾ ಸ್ಟೇಷನ್ನಿನಿಂದ ಆಕಿ ಪೀಜಿಗೆ ಹೋದ್ರ ಹೊರಗಿನವರನ್ನ ಒಳಗ ಬಿಡಂಗಿಲ್ಲ, ಚೀಲ ದಿನಾಪೂರ ನನ್ನ ಹೆಗಲಿಗೇ ಉಳೀತು. ಸಂಜಿಗೆ ಕಾರ್ಯಕ್ರಮದ ಹಾಲ್‌ನ ಬಾಗಲದಾಗ ಸೆಕ್ಯುರಿಟಿ ಹುಡುಗ ಚೀಲ ತಗಿಸಿದ. ಹೊರಗಿನ ಊಟ ಒಳಗ ಒಯ್ಯಂಗಿಲ್ಲಂತ, ನೀರಿನ ಬಾಟ್ಲಿನೂ ಇಲ್ಲಂತ. 'ಯಪ್ಪಾ, ರೊಟ್ಟಿ ಐತೋ, ಬಾಂಬ್ ಅಲ್ಲ' ಅಂದೆ. ಆ ಹುಡುಗ ನನ್ನ ಮಾರಿ ನೋಡಿ, 'ಯಾವೂರಬೇ ನಿಮ್ದು?' ಅಂದ. ರಾಯಚೂರು ಅಂದೆ. ತನ್ನದು ದೇವದುರ್ಗದ ಕಡೆ ಅಂದ. ಮಳಿ ಕೈಕೊಟ್ಟ ವರ್ಷ ಅಪ್ಪ ಅವ್ವನ ಸಂಗಟ ಗುಳೆ ಬಂದಾಂವ, ಅವರು ತಿರುಗಿ ಹೋದ್ರು, ಇಂವ ಇಲ್ಲೇ ಉಳಕೊಂಡ. ಚೀಲ ತನ್ನ ಕುರ್ಚಿ ಕೆಳಗ ಇಟ್ಟುಕೊಂಡ. ಎರಡು ರೊಟ್ಟಿ ನೀನು ತಿನ್ನು ಅಂತ ಹೇಳೇ ಒಳಗ ಹೋದೆ. ವಾಪಸ್ ಬರೋದ್ರಾಗ ನಾಕು ಹೋಗಿದ್ವು, ಹೋಗಲಿ ಪಾಪ.

ಒಳಗ ಒಂದೂ ಕುರ್ಚಿ ಇಲ್ಲ ದೊಡ್ಡಪ್ಪಾ! ನಾನೂರು ಮಂದಿ ಇದ್ದಿರಬೇಕು, ಎಲ್ಲಾರೂ ನಿಂತೇ ನಿಂತಾರ. ಮಣಿಕಟ್ಟಿಗೆ ಮುದ್ರಿ ಒತ್ತಿದ್ರು, ಮರುದಿನ ಸಾಬೂನು ಹಚ್ಚಿ ತಿಕ್ಕಿದ್ರೂ ಹೋಗಲಿಲ್ಲ. ಎಂಟಕ್ಕ ಅಂದಿದ್ದು ಒಂಬತ್ತಾತು. ಮೊದಲು ಬ್ಯಾರೆ ಒಬ್ಬ ಹುಡುಗ ಬಂದು ನಾಕು ಹಾಡಿದ, ಆಂವ ಏನು ಹಾಡಿದ ಅಂತ ಕೇಳಬ್ಯಾಡ್ರಿ, ನಾ ಮೊಣಕಾಲು ಹಿಡಕೊಂಡು ಗ್ವಾಡಿಗೆ ಆತು ನಿಂತಿದ್ದೆ.

ಆಮ್ಯಾಲ ಈಕಿ ಬಂದ್ಲು. ಕಾಟನ್ ಕುರ್ತಾ, ಕಾಲಾಗ ಚಪ್ಪಲಿ ಇಲ್ಲ. ಪ್ರತಿ ಹಾಡಿಗೂ ನಿಂತು ತಂತಿ ಜೋಡಿಸ್ತಾಳ. ಗಿಟಾರಿನ ಕುತ್ತಿಗಿಗೆ ಒಂದು ಚಿಮಟಾ ಹಚ್ಚತಾಳ, ಕ್ಯಾಪೋ ಅಂತ ಅದಕ್ಕ. ಅದನ್ನ ಮ್ಯಾಲ ಸರಿಸಿದ್ರ ಬೆರಳು ಅದಽ ಇಟ್ಟರೂ ಸುರ ಏರ್ತೈತಿ. ನಮ್ಮ ಹಾರ್ಮೋನಿಯಂ ಪೇಟಿ ಮಾಸ್ತರು ಬಿಳಿ ಎರಡರಿಂದ ಕರಿ ಎರಡಕ್ಕ ಪಟ್ಟಿ ಏರಿಸ್ತಾರಲ್ಲ, ಹಂಗ. ಮೊಬೈಲಿನ್ಯಾಗ ಇವೆಲ್ಲಾ ಕಡದು ಹಾಕಿರ್ತಾರ. ತಂತಿ ತಿರುವಕೋಂತ ಆಕಿ ಮಾತಾಡತಿದ್ಲು, ಈ ಹಾಡು ಎಲ್ಲಿ ಹುಟ್ಟಿತು, ಅವ್ವ ಏನು ಬೈದ್ಲು ಅಂತ. ನನಗ ಹಾಡಿಗಿಂತ ಆ ಮಾತೇ ಹಿಡಿಸಿದ್ವು ಮೊದಲ ಅರ್ಧ ತಾಸು.

ಎರಡು ಇಂಗ್ಲಿಷ್ ಹಾಡು ಹಾಡಿದ್ಲು, ಅವು ನನಗ ಸೇರಲಿಲ್ಲ. ಡ್ರಮ್ ಬಡಿಯಾಂವ ಆಕಿ ದನಿ ಮ್ಯಾಲ ಕುಂತಂಗ ಬಡದ. ಮುಂದ ಒಬ್ಬಾಂವ ಫೋನ್ ಎತ್ತಿ ಹಿಡದು ಕೆಳಗ ಇಳಿಸಲೇ ಇಲ್ಲ, ಅವನ ಫೋನಿನ್ಯಾಗಿಂದಽ ಆಕೀನ್ನ ನೋಡಬೇಕಾತು. ರಾಯಚೂರಾಗೇ ಟಿವಿ ನೋಡಿದ್ರ ಆಗತಿತ್ತಲ್ಲ ಅನ್ನಿಸ್ತು.

ಒಂದ್ನಿಮಿಷ, ಹಾಲು... ಹಾಂ, ಇಳಿಸಿದೆ. ಎಲ್ಲಿದ್ದೆ?

ಬಸ್‌ಸ್ಟ್ಯಾಂಡಿನ ಹಾಡು. ಗಿಟಾರ್ ಒಂದಽ, ಡ್ರಮ್ ಇಲ್ಲ. ಅಪ್ಪ ಮಗಳನ್ನ ರಾತ್ರಿ ಬಸ್ಸಿಗೆ ಹತ್ತಿಸಾಕ ಬಂದಾನ. ಏನೂ ಮಾತಾಡಂಗಿಲ್ಲ. ಬಸ್ ಬಿಡೋ ಹೊತ್ತಿಗೆ ಓಡಿ ಹೋಗಿ ಬಿಸ್ಲೇರಿ ಬಾಟ್ಲಿ ತಂದು ಕಿಟಕ್ಯಾಗಿಂದ ಕೊಡತಾನ, ಚಿಲ್ಲರ ಇಸಕೊಳ್ಳಾಕೂ ನಿಂತಿಲ್ಲ. ಅಷ್ಟ ಹಾಡು. ಎರಡನೇ ಚರಣಕ್ಕ ಬಂದು ಆಕಿ ನಿಂತಬಿಟ್ಲು. ಮರತಾಳ! ತಾನಽ ಬರದ ಹಾಡು ತಾನಽ ಮರತು 'ಅಯ್ಯೋ' ಅಂದ್ಲು ಮೈಕಿನ್ಯಾಗ. ನಮ್ಮ ಶಾಲ್ಯಾಗ ಹುಡುಗರು ಮರತ್ರ ಉಳಿದವರು ಕಿಸಿಕಿಸಿ ನಗತಾರ. ಇಲ್ಲಿ ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ಸಾಲು ಎತ್ತಿದ್ರು, ಆಮ್ಯಾಲ ಎಲ್ಲಾರೂ. ನಾನೂರು ಮಂದಿ ಹಾಡಾಕತ್ತಾರ, ಆಕಿ ಗಿಟಾರ್ ಅಷ್ಟ ಬಾರಿಸಿಕೋಂತ ಕೇಳಾಕತ್ತಾಳ. ನಾ ಬಾಜೂಕ ನೋಡತೀನಿ, ನಮ್ಮಾಕಿ! ಮನ್ಯಾಗ ಆರತಿಗೆ ಒಂದು ಪದ ಹಾಡು ಅಂದ್ರ ಬಾಯಿ ಬಿಡಂಗಿಲ್ಲ ಈಕಿ. ಕಣ್ಣು ಮುಚ್ಚಿ, ಕುತ್ತಿಗಿ ನರ ಎದ್ದು ಕಾಣೂವಂಗ ಹಾಡಾಕತ್ತಾಳ, ಒಂದಕ್ಷರ ತಪ್ಪಿಲ್ಲ.

ಮೂರು ವರ್ಷದ ಹಿಂದ ನಮ್ಮನಿಯವರು ಆಕೀನ್ನ ಬಸ್ಸಿಗೆ ಬಿಡಾಕ ಹೋದಾಗ ನಾ ಮನ್ಯಾಗ ಇದ್ದೆ, ಪರೀಕ್ಷಾ ಪೇಪರ್ ತಿದ್ದೋದಿತ್ತು ಅಂತ. ಬಸ್‌ಸ್ಟ್ಯಾಂಡಿನ್ಯಾಗ ಏನಾತು ಅಂತ ಅವರೂ ಹೇಳಲಿಲ್ಲ, ಈಕಿನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹಾಲ್‌ನ್ಯಾಗ ನಿಂತು ಮಗಳಿಗೆ ಕೇಳಿದೆ, 'ನಿಮ್ಮಪ್ಪನೂ ಬಾಟ್ಲಿ ಕೊಟ್ಟಿದ್ರೇನು?' 'ಬಾಟ್ಲಿ ಅಲ್ಲವ್ವ, ಬಾಳಿಹಣ್ಣು. ಒಂದು ಡಜನ್' ಅಂದ್ಲು.

ಈಗ ಪುಕ್ಕಟ ಮೊಬೈಲಿನ ಮಾತು. ನಾವು ಅದರಾಗ ಒಂದು ಸಲ ಕೇಳಿದ್ರ ಆ ಹುಡುಗಿಗೆ ಪೈಸಾದ ಲೆಕ್ಕದಾಗ ಬರ್ತೈತಂತ. ಸ್ಪಾಟಿಫೈನ್ಯಾಗ 2024ರಿಂದ, ಹಿಂದಿನ ಹನ್ನೆರಡು ತಿಂಗಳದಾಗ ಒಂದು ಹಾಡನ್ನ ಸಾವಿರ ಸಲ ಕೇಳಿರಲಿಲ್ಲಂದ್ರ ಅದಕ್ಕ ರೊಕ್ಕಾನೇ ಇಲ್ಲ. ಅದಕ್ಕ ಹೊಟ್ಟಿ ತುಂಬಬೇಕಂದ್ರ ಊರೂರು ತಿರುಗಲೇಬೇಕು. ಹಾಡು ಮುಗದ ಮ್ಯಾಲ ಆಕಿನಽ ಬಾಗಲ ಕಡೆ ಮೇಜು ಹಾಕ್ಕೊಂಡು ಟೀ ಶರ್ಟ್ ಮಾರಾಕ ನಿಂತ್ಲು. ಟೀ ಶರ್ಟ್ ಆರ್ನೂರು ರೂಪಾಯಿ, ನಾ ತಗೊಳ್ಳಲಿಲ್ಲ. ಚೀಲದಾಗ ಉಳಿದಿದ್ದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಅಲ್ಲೇ ನಿಂತು ಮುರಕೊಂಡು ತಿಂದ್ಲು, ಹಿಂಡಿ ಖಾರ ಕಮ್ಮಿ ಆತು ಅಂದ್ಲು! ನಮ್ಮ ಕಡೆಯಾಕಿ ಅಂತ ಆವಾಗ ಖಾತ್ರಿ ಆತು.

ಹಾಂ, ಒನ್ಸ್ ಮೋರ್. ನೆನಪೈತೇನು ದೊಡ್ಡಪ್ಪಾ, ನಾ ಐದನೇತ್ತ ಇದ್ದಾಗ ಅಂಬಾಮಠದ ಜಾತ್ರಿಗೆ ಟ್ರ್ಯಾಕ್ಟರಿನ್ಯಾಗ ಕರಕೊಂಡು ಹೋಗಿದ್ರಿ, ಕಂಪನಿ ನಾಟಕ ತೋರಿಸಿದ್ರಿ. ಸತ್ತು ಬಿದ್ದ ಪಾತ್ರಕ್ಕ ಮಂದಿ ಒನ್ಸ್ ಮೋರ್ ಅಂತ ಒದರಿದ್ರು, ಆಂವ ಎದ್ದು ಕುಂತು ಹಾಡಿ ಮತ್ತ ಸತ್ತ. ಮುಂದಿನ ಸಾಲಿನ್ಯಾಗ ಸೀಟಿ ಹೊಡದಾಂವ ಯಾರು ಅಂತ ದೊಡ್ಡಮ್ಮಗ ಇವತ್ತಿನತನಕ ನಾ ಹೇಳಿಲ್ಲ.

ಬೆಂಗಳೂರಾಗ ಆ ರೂಢಿ ಇಲ್ಲ. ಹಾಡೋರು ಮುಗೀತು ಅಂತ ಒಳಗ ಹೋಗತಾರ, ಮಂದಿ ಚಪ್ಪಾಳಿ ಬಡಕೋಂತ ನಿಲ್ಲತಾರ, ಅವರು ತಿರುಗಿ ಬಂದು ಬ್ಯಾರೆ ಹಾಡು ಹಾಡತಾರ. ಈಕಿನೂ ಹಂಗ ತಿರುಗಿ ಬಂದ್ಲು, ಚಿಮಟಾ ಸರಿಸಾಕತ್ತಿದ್ಲು, ಇಡೀ ಹಾಲ್ ಗಪ್ ಆಗಿತ್ತು. ನನ್ನ ಬಾಯಿಂದ ಬಂದಬಿಡ್ತು, 'ಬಸ್‌ಸ್ಟ್ಯಾಂಡಿಂದು, ಒನ್ಸ್ ಮೋರ್!' ಮುಂದಿನ ಹುಡುಗರೆಲ್ಲ ತಿರುಗಿ ನೋಡಿದ್ರು. ನಮ್ಮಾಕಿ ಸೆರಗು ಹಿಡದು ಜಗ್ಗಿದ್ಲು. ಸ್ಟೇಜಿನ ಮ್ಯಾಲಿಂದ ಆಕಿ ಕಣ್ಣಿಗೆ ಕೈ ಅಡ್ಡ ಹಿಡದು ನೋಡಿ, 'ಅದಽ ಹಾಡೇನ್ರೀ ಅಮ್ಮಾರ?' ಅಂದ್ಲು. 'ಹೌದವ್ವಾ, ಅದನ್ನಽ' ಅಂದೆ.

ಹಾಡಿದ್ಲು. ವಿಡಿಯೋ ಕಡೀತನಕ ನೋಡ್ರಿ, ಎರಡನೇ ಚರಣ ಈ ಸಲ ಮರೀಲಿಲ್ಲ.