ಸಹಾಯ ಬೇಕು: ಜರ್ಮನಿಯಲ್ಲಿ ಅತ್ತೆಗೆ ಕನ್ನಡ ಟಿವಿ

ನಮಸ್ಕಾರ. ನಾವು ಗಂಗಾವತಿಯವರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರಿಗೆ ಮಾತಿಗೂ ಯಾರಿಲ್ಲ.

ಊರಲ್ಲಿ ದುಡ್ಡು ಕಟ್ಟಿದ ಆ್ಯಪ್ ಇಲ್ಲಿ ತೆರೆದರೆ 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎಂದು ಬರುತ್ತದೆ. ಪ್ರಸಾರದ ಹಕ್ಕು ದೇಶಕ್ಕೊಂದು ತರ ಇರುತ್ತದೆ ಅಲ್ವಾ, ಅದಕ್ಕೇ ಐಪಿ ವಿಳಾಸ ನೋಡಿ ತಡೆಯುತ್ತಾರೆ. ವಿಪಿಎನ್ ಹಾಕಿ ಊರಲ್ಲೇ ಇರುವಂತೆ ತೋರಿಸುವುದು ಬೇಡ, ನಿಯಮದ ಪ್ರಕಾರವೇ ದುಡ್ಡು ಕಟ್ಟಿ ನೋಡುವ ದಾರಿ ಬೇಕು.

ಧಾರಾವಾಹಿ ತಪ್ಪಿದರೂ ಅತ್ತೆ ಸುಮ್ನಿರುತ್ತಾರೆ. ತುಂಗಭದ್ರಾ ಡ್ಯಾಮ್ ಸುದ್ದಿ ಮಾತ್ರ ತಪ್ಪಬಾರದು. ನಮ್ಮ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಗತಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದ ಮೇಲಂತೂ ಮಳೆಗಾಲ ಬಂದರೆ ಅವರಿಗೆ ನಿದ್ದೆ ಇಲ್ಲ. ಒಳಹರಿವು ಎಷ್ಟು, ಕಾಲುವೆಗೆ ನೀರು ಯಾವಾಗ, ಬರೀ ಇದೇ ಕೇಳುತ್ತಾರೆ.

ಇನ್ನೊಂದು ತೊಂದರೆ ಸಮಯದ್ದು. ಚಳಿಗಾಲದಲ್ಲಿ ಊರಿನ ರಾತ್ರಿ 8 ಗಂಟೆ ಎಂದರೆ ಇಲ್ಲಿ ಮಧ್ಯಾಹ್ನ 3.30. ಆಗ ನಾವು ಆಫೀಸಿನಲ್ಲಿರುತ್ತೇವೆ. ಇಂಗ್ಲಿಷ್ ಮೆನುವಿನಲ್ಲಿ ಹುಡುಕಲು ಅತ್ತೆಗೆ ಬರುವುದಿಲ್ಲ. ರಿಮೋಟ್‌ನಲ್ಲಿ ಒಂದೇ ಗುಂಡಿ ಒತ್ತಿದರೆ ಚಾನೆಲ್ ಬರಬೇಕು.

ಯುರೋಪಿನಲ್ಲಿರುವ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಏನು ಹಾಕಿಸಿದ್ದೀರಿ? ಕನ್ನಡ ಸುದ್ದಿ ಚಾನೆಲ್ ಬರುತ್ತದೆಯೇ, ಇಲ್ಲಿನ ಕಾರ್ಡ್ ನಡೆಯುತ್ತದೆಯೇ? ದಯವಿಟ್ಟು ತಿಳಿಸಿ.