ಎಟಿವಿಗೆ ಹೊರಗಿನ ಸೈಲೆನ್ಸರ್ ಕೂಡ್ಸೇವ್ರಿ, ಪಟ್ ಪಟ್ ಅಂತೈತಿ, ಒಳಗಿನ ಜಾಳಿ ತಗೀಬೇಕಾ?

ಪ್ರಶ್ನೆ (ಡಂಬಳ ಕಡೆಯಿಂದ):
ನಮಸ್ಕಾರ್ರಿ ಎಲ್ಲಾರ್ಗೂ. ನಮ್ದು ಕಪ್ಪತಗುಡ್ಡದ ಕಡೆ ಹೊಲಾರಿ. ಡ್ರಿಪ್ ಪೈಪು, ಗೊಬ್ಬರದ ಚೀಲ ಒಯ್ಯಾಕ ಒಂದ್ 250 ಸಿಸಿ ಎಟಿವಿ (ನಾಕ್ ದಪ್ಪ ಗಾಲಿಯ ಹೊಲದ ಗಾಡಿ) ಸೆಕೆಂಡ್ ಹ್ಯಾಂಡ್ ತಗೊಂಡೇವಿ, ಕಾರ್ಬೊರೇಟರ್ ಗಾಡಿ. ಕಂಪನಿ ಸೈಲೆನ್ಸರ್ ತುಕ್ಕು ತಿಂದು ತಳಾ ತೂತ ಬಿತ್ತು, ಅದರದ ಪಾರ್ಟ್ ಎಲ್ಲೂ ಸಿಗವಲ್ದು, ಅದಕ್ಕ ಆನ್‌ಲೈನ್‌ನ್ಯಾಗ ಸ್ಟೀಲಿನ ಸೈಲೆನ್ಸರ್ ಬೆಂಡ್ ಪೈಪ್ ಸಮೇತ ತರಿಸಿದ್ವಿ, ನಮ್ಮ ತಮ್ಮ ಮನ್ಯಾಗ ಕೂಡ್ಸಿದಾ. ಈಗ ರೇಸ್ ಬಿಟ್ಟ ಕೂಡ್ಲೆ ಪಟ್ ಪಟ್ ಅಂತ ಪಟಾಕಿ ಹೊಡದಂಗ ಆಗ್ತೈತಿ, ಕತ್ತಲಾದ ಮ್ಯಾಲ ನೋಡಿದ್ರ ಎಂಜಿನ್ ಬಾಯಿ ಹತ್ರ ಪೈಪ್ ಕೆಂಪಗ ಕಾಣ್ತೈತಿ. ಮಾರಿದವ್ರಿಗೆ ಫೋನ್ ಹಚ್ಚಿದ್ರ ತುದಿಯೊಳಗಿನ ಜಾಳಿ ಕಿತ್ತ ಒಗೀರಿ ಸರಿ ಆಗ್ತೈತಿ, ಪವರೂ ಜಾಸ್ತಿ ಬರ್ತೈತಿ ಅಂದ್ರು. ಕೀಳ್ಲೋ ಬ್ಯಾಡೋ?

ಉತ್ತರ (ಮೆಕ್ಯಾನಿಕ್, ಗೋಕುಲ ರೋಡ್, ಹುಬ್ಬಳ್ಳಿ):
ಅಣ್ಣಾರ, ಮೊದ್ಲ ಆ ಜಾಳಿಗೆ ಕೈ ಹಚ್ಚಬ್ಯಾಡ್ರಿ. ಅದು ಕಿಡಿ ತಡಿಯೂ ಜಾಳಿ. ಎಂಜಿನ್ನಿನ್ಯಾಗ ಕಟ್ಟಿದ ಮಸಿ ಉರಕೋತ ಹೊರಗ ಹಾರ್ತದ, ಅದನ್ನ ಅಲ್ಲೇ ಹಿಡಿತೈತಿ. ಅಮೆರಿಕಾದ ಕಾಡ ಇಲಾಖೆ ಜಮೀನಿನ್ಯಾಗ ಇದಿಲ್ದ ಎಟಿವಿ ಓಡ್ಸೂಹಂಗಿಲ್ಲ, ಅಲ್ಲಿ ಲೆಕ್ಕಾ ಅಂದ್ರ 0.023 ಇಂಚು, ಅಂದ್ರ ಅರ್ಧ ಮಿಲಿಮೀಟರ್‌ಕಿಂತ ಒಂಚೂರು ದೊಡ್ಡ ಕಿಡಿನೂ ದಾಟಬಾರ್ದು. ನಿಮ್ಮ ಕಡೆ ಫೆಬ್ರವರಿ ದಾಟಿದ್ರ ಗುಡ್ಡದ ಹುಲ್ಲ ಪೂರಾ ಒಣಗಿರ್ತೈತಿ, ಕಪ್ಪತಗುಡ್ಡಕ್ಕ ಬ್ಯಾಸಿಗ್ಯಾಗ ಬೆಂಕಿ ಬೀಳೂದು ನಿಮಗ ಗೊತ್ತಿದ್ದದ್ದ, ಮತ್ತ ಅದು ಈಗ ವನ್ಯಜೀವಿ ಧಾಮ. ಹೊಲದಾಗ ನಿಮ್ದ ಕಣಿಕಿ ಬಣವಿ ಇರ್ತೈತಿ. ಒಂದ್ ಕಿಡಿ ಸಾಕ್ರಿ.

ಪವರ್ ಜಾಸ್ತಿ ಆಗ್ತೈತಿ ಅನ್ನೂದನ್ನೂ ನಂಬಬ್ಯಾಡ್ರಿ. ಜಾಳಿ ಕಿತ್ರ ಸೌಂಡ್ ಜಾಸ್ತಿ ಆಗ್ತೈತಿ, ಅಷ್ಟ. ಗಾಡಿ ಇನ್ನೂ ಲೀನ್ ಆಗಿ, ಅಂದ್ರ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮಿ ಆಗಿ, ನಿಮ್ಮ ಈಗಿನ ತ್ರಾಸ ಹೆಚ್ಚಾಗೂದ ಹೊರತು ಕಡಿಮಿ ಆಗಂಗಿಲ್ಲ.

ಆ ತ್ರಾಸಿಗೆ ಎರಡು ಕಾರಣ ಇರ್ತಾವು. ಒಂದು, ಎಂಜಿನ್ ಬಾಯಿಗೆ ಬೆಂಡ್ ಪೈಪ್ ಕೂಡೂ ಕಡೆ ಪ್ಯಾಕಿಂಗ್ (ಸಂದಿ ಮುಚ್ಚೂ ರಿಂಗ್) ಲೀಕ್. ಹಳೇ ಪ್ಯಾಕಿಂಗೇ ಮತ್ತ ಹಾಕ್ಯಾರೇನು ತಮ್ಮನವ್ರನ್ನ ಕೇಳ್ರಿ, ಅದು ಒಮ್ಮೆ ಅಮುಕಿದ ಮ್ಯಾಲ ಎರಡನೇ ಸಲ ಹಿಡಿಯಂಗಿಲ್ಲ. ಅಲ್ಲಿ ಸಂದಿ ಇದ್ರ ಹೊರಗಿನ ಗಾಳಿ ಒಳಗ ಜಗ್ಗತೈತಿ, ಉರೀದ ಪೆಟ್ರೋಲ್ ಪೈಪಿನ್ಯಾಗ ಉರಿತೈತಿ, ಪಟ್ ಅಂತೈತಿ. ಪರೀಕ್ಷಾ ಮಾಡೂದು ಸರಳ. ಗಾಡಿ ಪೂರಾ ತಣ್ಣಗಿದ್ದಾಗ ಜಾಯಿಂಟಿಗೆ ಸಾಬೂನ ನೀರ ಹಚ್ಚಿ, ಚಾಲೂ ಮಾಡಿ, ತುದೀಗೆ ದಪ್ಪ ಅರಿವಿ ಒತ್ತಿ ಹಿಡಿದು ನೋಡ್ರಿ, ಗುಳ್ಳಿ ಬಂದ್ರ ಅಲ್ಲೇ ಲೀಕ್ ಐತಿ. ಶೆಡ್ಡಿನ ಬಾಗಿಲಾ ಹಾಕ್ಕೊಂಡು ಮಾಡಬ್ಯಾಡ್ರಿ, ಹೊಗಿ ಕುಡದ್ರ ಜೀವಕ್ಕ ಬರ್ತೈತಿ.

ಕೂಡ್ಸುವಾಗ ಭಾಳ ಮಂದಿ ಎಂಜಿನ್ ಕಡೆ ನಟ್ ಮೊದ್ಲ ಫುಲ್ ಟೈಟ್ ಮಾಡಿ ಆಮ್ಯಾಲ ಹಿಂದಿನ ಕ್ಲಾಂಪಿಗೆ ಪೈಪ್ ಜಗ್ಗಿ ಜಗ್ಗಿ ಕೂಡಸ್ತಾರ. ಹಂಗ ಮಾಡಿದ್ರ ಪೈಪ್ ಸೊಟ್ಟ ಕೂತು ಸ್ಟಡ್ (ನಟ್ ಕೂಡೂ ತಿರುಪಿನ ಕಡ್ಡಿ) ಮ್ಯಾಲ ಒತ್ತಡ ಬೀಳ್ತೈತಿ, ಕಾವು ಹತ್ತಿ ಅಲ್ಲಾಡಿ ಅಲ್ಲಾಡಿ ಒಂದಿನ ಸ್ಟಡ್ ಕಟ್. ಎಲ್ಲಾ ನಟ್ ಬೋಲ್ಟ್ ಕೈಲೆ ಲೂಸ್ ಹಾಕ್ರಿ, ಪೈಪ್ ತನ್ನಷ್ಟಕ್ಕ ತಾನ ಕುಂದ್ರಲಿ, ಆಮ್ಯಾಲ ಎಂಜಿನ್ ಕಡೆಯಿಂದ ಸುರು ಮಾಡಿ ಆ ನಟ್ ಸ್ವಲ್ಪ ಈ ನಟ್ ಸ್ವಲ್ಪ ಅಂತ ಸರದಿ ಮ್ಯಾಲ ಬಿಗೀತಾ ಹಿಂದಕ್ಕ ಬರ್ರಿ. ಸ್ಟಡ್ ತುಕ್ಕು ಹಿಡದಿದ್ರ ಹಿಂದಿನ ರಾತ್ರೀನ ತುಕ್ಕು ಬಿಡಸೂ ಎಣ್ಣಿ ಹೊಡದ ಬಿಡ್ರಿ. ಸ್ಟೀಲ್ ಪೈಪ್ ಮ್ಯಾಲ ಕೈಯಿನ ಜಿಡ್ಡು ಇದ್ರ ಚಾಲೂ ಮಾಡೂದಕ್ಕಿಂತ ಮೊದ್ಲ ತಿನ್ನರಿನ್ಯಾಗ ಒರಸ್ರಿ, ಇಲ್ಲಂದ್ರ ಬೆರಳಿನ ಗುರುತು ಸುಟ್ಟು ಕಾಯಂ ಉಳೀತೈತಿ.

ಎರಡನೇದು ಜೆಟ್, ಅಂದ್ರ ಕಾರ್ಬೊರೇಟರಿನ್ಯಾಗ ಪೆಟ್ರೋಲ್ ಬಿಡೂ ಸಣ್ಣ ತೂತಿನ ಪಾರ್ಟ್. ಪೈಪ್ ಕೆಂಪಗ ಆಗೂದು ಅಂದ್ರ ಪೆಟ್ರೋಲ್ ಕಡಿಮಿ, ಗಾಳಿ ಜಾಸ್ತಿ. ಹಿಂಗ ಓಡಸಿದ್ರ ಎಕ್ಸಾಸ್ಟ್ ವಾಲ್ವ್ ಸುಡತೈತಿ, ಪಿಸ್ಟನ್ನಿಗೂ ಹೊಡತ. ಲೀಕ್ ಬಂದ್ ಮಾಡಿದ ಮ್ಯಾಲೂ ಕೆಂಪಗ ಆದ್ರ ಪ್ಲಗ್ ಬಿಚ್ಚಿ ನೋಡ್ರಿ. ಇಟ್ಟಂಗಿ ಬಣ್ಣ ಇದ್ರ ಚಲೋ, ಬೆಳ್ಳಗ ಇದ್ರ ಲೀನ್, ಕರ್ರಗ ಮಸಿ ಹಿಡದಿದ್ರ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರ ಮೇನ್ ಜೆಟ್ ಒಂದ್ ಸೈಜ್ ಏರಸ್ರಿ. ಈಗ 110 ಇದ್ರ 112, ಸಾಲ್ಲಿಲ್ಲಂದ್ರ 115. ಒಮ್ಮೆಲೆ ದೊಡ್ಡದಕ್ಕ ಹಾರಬ್ಯಾಡ್ರಿ, ಹಾಕಿ ಓಡ್ಸಿ ಮತ್ತ ಪ್ಲಗ್ ನೋಡ್ರಿ. ಏರ್ ಫಿಲ್ಟರ್ ಡಬ್ಬಿಗೆ ತೂತ ಹಾಕೂದಂತೂ ಬ್ಯಾಡs ಬ್ಯಾಡ, ನಿಮ್ಮ ಎರಿ ಹೊಲದ ಧೂಳು ಒಳಗ ಹೋದ್ರ ಪಿಸ್ಟನ್ ರಿಂಗ್ ಭಾಳ ದಿನಾ ತಡಿಯಂಗಿಲ್ಲ.

ಪ್ರಶ್ನೆ (ಡಂಬಳ):
ಸರ್ ಪ್ಯಾಕಿಂಗ್ ಹಳೇದ ಹಾಕ್ಯಾನಂತ್ರಿ, ಹೊಸಾದ ತರಸ್ತೀವಿ. ಜಾಳಿ ಇದ್ರ ಕಟ್ಟಂಗಿಲ್ಲೇನ್ರಿ?

ಉತ್ತರ:
ಕಟ್ಟತೈತ್ರಿ. ಪಿಕಪ್ ಕಡಿಮಿ ಆತು ಅನಿಸಿದ್ರ ಗಾಡಿ ಆರಿದ ಮ್ಯಾಲ ತುದಿ ಬೋಲ್ಟ್ ಬಿಚ್ಚಿ ಜಾಳಿ ಹೊರಗ ತಗದು ತಂತಿ ಬ್ರಷ್‌ಲೆ ತಿಕ್ಕಿ ವಾಪಸ್ ಹಾಕ್ರಿ, ಹರದಿದ್ರ ಹೊಸಾದ. ಇನ್ನೊಂದ್ ಇದಕ್ಕಿಂತ ಮುಖ್ಯ. ಕಸದಾಗ ಓಡಾಡಿ ಬಂದಾಗ ಬೆಂಡ್ ಪೈಪಿಗೂ ಕೆಳಗಿನ ಗಾರ್ಡ್ ಪ್ಲೇಟಿಗೂ ನಡುವ ಒಣಾ ಹುಲ್ಲು, ಕಣಿಕಿ ಎಲಿ ಸಿಕ್ಕೊಂಡಿರ್ತಾವು. ಪೈಪಿನ ಕಾವು 300 ಡಿಗ್ರಿ ದಾಟತೈತಿ, ಹುಲ್ಲು ಹತ್ತಾಕ ಕಿಡೀನೂ ಬೇಕಾಗಿಲ್ಲ. ದಿನಾ ಬಗ್ಗಿ ನೋಡ್ರಿ, ಕಡ್ಡಿ ಹಾಕಿ ತಗೀರಿ, ಬಿಸಿ ಗಾಡಿ ಬಣವಿ ಬಾಜೂಕ ನಿಲ್ಲಸಬ್ಯಾಡ್ರಿ. ಹಳೇ ಸೈಲೆನ್ಸರ್ ಮ್ಯಾಲಿನ ತಗಡಿನ ಕವರ್ ಇದ್ರ ಹೊಸದಕ್ಕ ಹಾಕ್ಸ್ರಿ, ಮೊಳಕಾಲ ಸುಡೂದೂ ತಪ್ಪತೈತಿ.

ಪ್ರಶ್ನೆ (ಹಾವೇರಿ):
ನಮ್ದು ಇಂಜೆಕ್ಷನ್ ಗಾಡಿ ಸರ್, ಜೆಟ್ಟೇ ಇಲ್ಲ, ನಾವೇನ್ ಮಾಡೂದು?

ಉತ್ತರ:
ಬರೇ ಹಿಂದಿನ ಡಬ್ಬಿ ಬದಲಿ ಮಾಡಿದ್ರ ಸಾಮಾನ್ಯಾಗಿ ನಡೀತೈತ್ರಿ. ಬೆಂಡ್ ಸಮೇತ ಫುಲ್ ಸಿಸ್ಟಮ್ ಹಾಕಿದ್ರ ಫ್ಯೂಯಲ್ ಕಂಟ್ರೋಲರ್ ಹಾಕಬೇಕು ಇಲ್ಲಾ ಇಸಿಯು (ಪೆಟ್ರೋಲ್ ಲೆಕ್ಕಾ ನೋಡೂ ಗಾಡಿ ಕಂಪ್ಯೂಟರ್) ಟ್ಯೂನ್ ಮಾಡಸಬೇಕು. ಹಳೇ ಪೈಪಿಗೆ ಆಕ್ಸಿಜನ್ ಸೆನ್ಸರ್ ಇದ್ರ ಹೊಸಾ ಪೈಪಿಗೂ ಅದರ ಜಾಗಾ ಐತೋ ಇಲ್ಲೋ ರೊಕ್ಕಾ ಕೊಡೂದಕ್ಕಿಂತ ಮೊದ್ಲ ಕೇಳ್ರಿ.

ಪ್ರಶ್ನೆ (ಧಾರವಾಡ, ಕಾಲೇಜ್ ವಿದ್ಯಾರ್ಥಿ):
ಅಣ್ಣಾ, ನನ್ನ 350 ಸಿಸಿ ಬೈಕಿಗೂ ಹಿಂತಾದ ಹಾಕ್ಬಹುದಾ? ಸೌಂಡ್ ಮಸ್ತ್ ಬೇಕು.

ಉತ್ತರ:
ಬ್ಯಾಡ ತಮ್ಮಾ. ಹೊಲದಾಗಿನ ಎಟಿವಿ ಮಾತು ಬ್ಯಾರೆ, ಅದೂ ಆರ್‌ಟಿಓ ನೋಂದಣಿ ಇಲ್ದ ರೋಡಿಗೆ ಇಳಿಯಂಗಿಲ್ಲ. ನಿನ್ನ ಬೈಕ್ ರೋಡಿನ ಮ್ಯಾಲ ಓಡೂದು. 175 ಸಿಸಿ ಮ್ಯಾಲಿನ ಬೈಕಿಗೆ ಸೌಂಡಿನ ಮಿತಿ 80 ಡೆಸಿಬಲ್. ಮೋಟಾರ್ ವಾಹನ ಕಾಯ್ದೆ 190(2) ಪ್ರಕಾರ ಮೊದಲನೇ ಸಲಕ್ಕ 10,000 ರೂಪಾಯಿತನಕ ದಂಡಾ ಇಲ್ಲಾ 3 ತಿಂಗಳತನಕ ಜೈಲು, ಎರಡೂ ಆಗಬಹುದು, ಲೈಸೆನ್ಸೂ 3 ತಿಂಗಳು ಹೋಗ್ತೈತಿ. ಪರವಾನಗಿ ಇಲ್ದ ಗಾಡಿ ಬದಲಿ ಮಾಡಿದ್ದಕ್ಕ 182ಎ(4) ಪ್ರಕಾರ 5,000 ಬ್ಯಾರೆ. ಮತ್ತ ನಿಮ್ಮ ಓಣ್ಯಾಗ ವಯಸ್ಸಾದವ್ರು, ಸಣ್ಣ ಕೂಸುಗಳು ಇರ್ತಾವು, ರಾತ್ರಿ ಹನ್ನೊಂದಕ್ಕ ಆ ಸೌಂಡಿಗೆ ಎಲ್ಲಾರೂ ಎದ್ದ ಕುಂದರ್ತಾರ. ನನ್ನ ಗ್ಯಾರೇಜಿಗೆ ತಂದ್ರ ನಾ ಹಾಕಿ ಕೊಡಂಗಿಲ್ಲ.

ಡಂಬಳದ ಅಣ್ಣಾರ, ಪ್ಯಾಕಿಂಗ್ ತರಸೂವಾಗ ಹಳೇದರ ಅಳತಿ ತಗೋರಿ, ಒಳಗಿನ ಅಗಲ, ಹೊರಗಿನ ಅಗಲ, ದಪ್ಪ ಮೂರೂ. ಹಾಕಿದ ಮ್ಯಾಲ ಒಂದೆರಡ ಸಲ ಓಡ್ಸಿ, ಗಾಡಿ ತಣ್ಣಗಾಗಾಕ ಬಿಟ್ಟು, ನಟ್ ಇನ್ನೊಮ್ಮೆ ಬಿಗೀರಿ, ಪ್ಲಗ್ಗಿನ ಫೋಟೋ ಇಲ್ಲೇ ಹಾಕ್ರಿ, ಜೆಟ್ ಏರಸಬೇಕೋ ಬ್ಯಾಡೋ ನೋಡಿ ಹೇಳ್ತೀನಿ.